ಎಂಜಿನ್ನಿನ ಮೇಲೆ ಕೋಳಿ

"ಈ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ನನ್ನ ಜಿಟಿಓ ಕಾರು ಗುಟುರು ಹಾಕದಿದ್ರೆ ನಾನು ವೆಂಡೆಲ್ಲೇ ಅಲ್ಲ!" ಎಂದು ವೆಂಡೆಲ್ ಊಟದ ಮೇಜು ಗುದ್ದಿ ಸಾರಿದ. ಡೆಟ್ರಾಯಿಟ್ಟಿನ ಹಳೆಯ ಕಾರುಗಳೆಲ್ಲ ಮೆರವಣಿಗೆ ಹೊರಡುವ ಆಗಸ್ಟಿನ ಶನಿವಾರ ಅದು.

ಸಾವಿರದ ಒಂಬೈನೂರ ಅರವತ್ತಾರರ ಆ ಕೆಂಪು ಕಾರಿನ ವಂಶಪುರಾಣ ಹೆಂಡತಿ ಡಾರ್ಲೀನಳಿಗೆ ಪಾತ್ರೆ ತೊಳೆಯುತ್ತಲೇ ಬಾಯಿಪಾಠವಾಗಿತ್ತು. ಚಿಕ್ಕ ಕಾರಿನ ಹೊಟ್ಟೆಗೆ ದೊಡ್ಡ ಕಾರಿನ ಎಂಜಿನ್ ತುರುಕಿದ ಪುಣ್ಯಾತ್ಮರು, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪಂದ್ಯ ಕಟ್ಟಿದ ಪಡ್ಡೆ ಹುಡುಗರು, ಕೊನೆಗೆ ಪೆಟ್ರೋಲ್ ಬೆಲೆ ಏರಿ ಮಣ್ಣುಪಾಲಾದ ಮಹಾಸಾಮ್ರಾಜ್ಯ!

"ಅದರ ಕಾವು ಅಂದ್ರೆ ಏನಂದ್ಕೊಂಡೆ? ಎಂಜಿನ್ ಮೇಲೆ ಇಡೀ ಕೋಳಿ ಬೇಯಿಸಬಹುದು!"

"ಮೊದ್ಲು ಈ ಆಲೂಗಡ್ಡೆ ಸಿಪ್ಪೆ ತೆಗಿ. ಶನಿವಾರ ಉಣ್ಣೋಕೆ ಬರೋರು ನಿನ್ನ ತಮ್ಮಂದಿರೇ."

"ಒಲೆ ಕೆಲಸ ನನ್ನ ಕೈಗೆ ಹತ್ತಲ್ಲ ಕಣೇ."

ಶನಿವಾರ ಬೆಳಿಗ್ಗೆ ಡಾರ್ಲೀನ್ ಅಂಗಡಿಗೆ ಹೋದಳು. ಎಂಜಿನ್ನಿನ ಮುಚ್ಚಳಗಳಿಗೆ ಬಳಿದ ಬಣ್ಣ ಗಟ್ಟಿಯಾಗಲು ಕಾವು ಬೇಕು. ವೆಂಡೆಲ್ ಅವನ್ನು ಅಡುಗೆಮನೆಯ ಓವನ್ನಿಗೆ ತಳ್ಳಿದ. ಹೆಂಡತಿ ಮನೆಯಲ್ಲಿಲ್ಲದಾಗ ಅವನ ಗೆಳೆಯರೆಲ್ಲ ಮಾಡುವುದೂ ಅದನ್ನೇ! ಮುಚ್ಚಳಗಳೇನೋ ರಾಜಕಿರೀಟದಂತೆ ಹೊಳೆಯುತ್ತ ಹೊರಬಂದವು. ಬಣ್ಣ ತೊಟ್ಟಿಕ್ಕಿದ ಓವನ್ ಮಾತ್ರ ಬೀದಿಗೆಲ್ಲ ನಾರಿತು.

ಕೋಳಿ ಹಿಡಿದು ಬಂದ ಡಾರ್ಲೀನ್ ಮೂಗು ಮುಚ್ಚಿಕೊಂಡಳು. "ಒಳಗೇನು ಬೇಯಿಸ್ದೆ?"

"ಎಂಜಿನ್ ಮುಚ್ಚಳ."

"ಉಪ್ಪು ಹಾಕಿದ್ಯಾ?"

ಅವನು ಮೆಲ್ಲನೆ ಗ್ಯಾರೇಜಿಗೆ ಜಾರಿದ. ಮುಚ್ಚಳ ಬಿಗಿದು ಕೀಲಿ ತಿರುಗಿಸಿದ. ಗುಟುರು! ಕಣ್ಣಲ್ಲಿ ನೀರೇ ಬಂತು. ಎಂಜಿನ್ ಆರಿಸಿ, ಕೀಲಿ ಕಾರಿನಲ್ಲೇ ಬಿಟ್ಟು, ಹೊಸ ಅಂಗಿ ತೊಟ್ಟು ಬರುವಷ್ಟರಲ್ಲಿ ಡಾರ್ಲೀನ್ ಬಾನೆಟ್ ಎತ್ತಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಕೋಳಿ, ಆಲೂಗಡ್ಡೆಗಳನ್ನು ಎಂಜಿನ್ನಿನ ಕೊಳವೆಗಳ ಮೇಲೆ ತಂತಿಯಿಂದ ಬಿಗಿಯುತ್ತಿದ್ದಳು.

"ಏನೇ ಇದು?"

"ಅಡುಗೆ. ಬೇಯುತ್ತೆ ಅಂದೋನು ನೀನೇ ತಾನೇ?"

"ಆಯ್ತು ಮಾರಾಯ್ತಿ, ಕೀಲಿ ಕೊಡು. ಹೊತ್ತಾಯ್ತು."

"ಒಲೆ ನಿನ್ನ ಕೈಗೆ ಹತ್ತಲ್ವಲ್ಲೋ ರಾಜ! ಒಲೆ ಎಲ್ಲಿ ಹೋಗುತ್ತೋ ನಾನೂ ಅಲ್ಲಿಗೆ. ನೀನು ಓವನ್ ಉಜ್ಜು."

ಜಿಟಿಓ ಹೊರಟೇಬಿಟ್ಟಿತು!

ವೆಂಡೆಲ್ ಓವನ್ನಿನೊಳಗೆ ತಲೆಯಿಟ್ಟು ಉಜ್ಜಿದ. ಮನೆಯಿಂದ ಕೂಗಳತೆಯಲ್ಲಿದ್ದ ವುಡ್‌ವರ್ಡ್ ರಸ್ತೆಬದಿಯಲ್ಲಿ ಕುರ್ಚಿ ಹಾಕಿ ಕೂತಿದ್ದ ತಮ್ಮಂದಿರು, "ಅತ್ತಿಗೆ, ಇನ್ನೊಂದ್ಸಲ!" ಎಂದು ಕೇಕೆ ಹಾಕುವುದು ಕೇಳಿಸಿತು. ಸಾವಿರ ಕಾರುಗಳ ನಡುವೆಯೂ ತನ್ನದರ ಗುಟುರು ಅವನಿಗೆ ಗುರುತು ಸಿಕ್ಕಿತು. ಎಂಥ ಸದ್ದು! ಮಸಿ ಮುಖದಲ್ಲೇ ನಗು ಬಂತು.

ಕಾರು ಮನೆ ಮುಂದೆ ನಿಂತಿತು. ಅವನು ಕೈ ಒರೆಸಿಕೊಳ್ಳುತ್ತ ಓಡಿದ. ಡಾರ್ಲೀನ್ ಇಳಿದು ಬಾನೆಟ್ ಎತ್ತಿ, ಫೋರ್ಕಿನಿಂದ ಚುಚ್ಚಿ ನೋಡಿದಳು.

"ಬೆಂತಾ? ಈಗ ನಾನು ಹೋಗ್ಲಾ?"

"ಕೋಳಿ ಬೆಂತು." ಅವಳು ಮತ್ತೆ ಸ್ಟೇರಿಂಗ್ ಹಿಂದೆ ಕೂತಳು. "ಆಲೂಗಡ್ಡೆ ಇನ್ನೂ ಗಟ್ಟಿ ಕಣೋ. ಸಿಪ್ಪೆ ತೆಗ್ದಿದ್ರೆ ಇಷ್ಟೊತ್ತಿಗೆ ಬೆಂದಿರೋದು!"