‘ಬತ್ತೆ’ ಎಂಬ ಗುಂಡಿ

ನನ್ನ ಹೆಂಡತಿ ಸುಗುಣಳಿಗೆ ನನ್ನ ಮೇಲಿರುವ ದೂರು ಒಂದೇ. ನಾನು ಕಣ್ಣು ಬಿಟ್ಟುಕೊಂಡೇ ಕನಸು ಕಾಣುತ್ತೇನಂತೆ. ಇದು ಶುದ್ಧ ಸುಳ್ಳು. ಊಟವಾದ ಮೇಲೆ ಕಣ್ಣು ಮುಚ್ಚಿಯೂ ಕಾಣುತ್ತೇನೆ.

ಹೆಮ್ಮಾಡಿಯಲ್ಲಿ ಹೈವೇ ಪಕ್ಕ ನಮ್ಮದೊಂದು ಮೀನೂಟದ ಹೋಟೆಲು. ನನ್ನ ಅತ್ತೆ ಅಮ್ಮಣ್ಣಿ ಶುರು ಮಾಡಿದ್ದು, ಸುಗುಣ ಬೆಳೆಸಿದ್ದು, ನಾನು ಗಲ್ಲಾದ ಹಿಂದೆ ಕೂತು ನೋಡಿದ್ದು. ‘ಪಕ್ಕ’ ಅಂದೆನಲ್ಲ, ತಿದ್ದಿಕೊಳ್ಳಿ, ಈಗ ಅದು ಹೈವೇ ‘ಕೆಳಗೆ’. ರಸ್ತೆ ಅಗಲ ಮಾಡುವಾಗ ಮಣ್ಣು ಹಾಕಿ ಎತ್ತರಿಸಿದ್ದರಿಂದ ಬಸ್ಸಿನಲ್ಲಿ ಹೋಗುವವರಿಗೆ ನಮ್ಮ ಹೋಟೆಲಿನ ಹಂಚು ಮಾತ್ರ ಕಾಣುತ್ತದೆ. ಹಂಚು ನೋಡಿ ಯಾರಿಗೆ ಹಸಿವಾಗುತ್ತದೆ ಹೇಳಿ? ಮಧ್ಯಾಹ್ನದ ಹೊತ್ತಿಗೆ ಕಾವಲಿ ತಣ್ಣಗೆ, ಬೆಂಚು ಖಾಲಿ, ಸುಗುಣಳ ಮುಖ ಮಾತ್ರ ಬಿಸಿ.

“ಹ್ವಾಯ್, ಈ ತಿಂಗ್ಳ್ ಒಂದ್ ಕಾದ್ ಕಾಂತೆ. ಜನ ಬರ್ಲಿಲ್ಲೆ ಅಂದ್ರೆ ಬಾಗ್ಲ್ ಹಾಕಿ ಗೇರ್‌ಬೀಜದ ಫ್ಯಾಕ್ಟ್ರಿಗೆ ಹೋತೆ ನಾನ್” ಎಂದಳು ಒಂದು ದಿನ. ನಗುತ್ತಾ ಹೇಳಿದ್ದರೆ ಹೆದರುತ್ತಿರಲಿಲ್ಲ. ಕಾವಲಿ ತಿಕ್ಕುತ್ತಾ, ಮುಖ ಎತ್ತದೆ ಹೇಳಿದಳು. ತಾಯಿಯ ಕೈಯಿಂದ ಬಂದ ಸೌಟನ್ನು ಗೋಡೆಗೆ ತೂಗುಹಾಕುವ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ವೆಬ್‌ಸೈಟ್ ಮಾಡುವ” ಎಂದೆ.

ಊರಿನವರ ಕೈಗೆಲ್ಲ ವಾಟ್ಸಾಪು ಹೊಸದಾಗಿ ಬಂದಿದ್ದ ಕಾಲ ಅದು. ಮುಂಬಯಿಯ ಬಾವ ಕೊಟ್ಟುಹೋದ ಹಳೆಯ ಲ್ಯಾಪ್‌ಟಾಪು ನನ್ನ ಬಳಿ ಇತ್ತು. ಸುಗುಣ ಕಾವಲಿ ಕೆಳಗಿಟ್ಟು, “ಸುಮ್ನೆ ಸಿಂಪಲ್ ಆಯ್ ಮಾಡಿ. ಹೋಟ್ಲ್ ಎಲ್ಲಿತ್ತ್, ಇವತ್ ಮೀನ್ ಎಂತ, ಫೋನ್ ನಂಬ್ರ್. ಅಷ್ಟೇ ಸಾಕ್” ಎಂದಳು.

ಸಿಂಪಲ್! ಆ ಶಬ್ದ ಕೇಳಿದ ಕ್ಷಣವೇ ನಾನು ಕನಸಿಗೆ ಇಳಿದಾಗಿತ್ತು. ಪರದೆ ತೆರೆಯುತ್ತದೆ. ಮುಂಜಾನೆಯ ಸಮುದ್ರ. ಅಲೆಯೊಂದು ಮೆಲ್ಲಗೆ ಬಂದು ಬಾಳೆಎಲೆಯನ್ನು ದಡಕ್ಕೆ ಬಿಟ್ಟುಹೋಗುತ್ತದೆ. ಎಲೆಯ ಮೇಲೆ ಅನ್ನ ತಾನಾಗಿ ಬೀಳುತ್ತದೆ. ಆಕಾಶದಿಂದ ಬಂಗುಡೆಗಳು ಒಂದೊಂದಾಗಿ ಇಳಿದು, ಮಸಾಲೆ ಮೈಗೆ ಹಚ್ಚಿಕೊಂಡು, ಮಗ್ಗುಲು ಬದಲಿಸುತ್ತವೆ...

“ಹ್ವಾಯ್, ಹಾಲ್ ಉಕ್ತ್!” ಎಂದು ಸುಗುಣ ಕೂಗಿದ್ದು ಆ ದಡದಿಂದ ಕೇಳಿತು.

ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರುಗಳಲ್ಲಿ ಎಲ್ಲವೂ ಸುಲಭ ಎಂದೇ ಬರೆದಿತ್ತು. ಸುಲಭವಾದದ್ದು ಇಷ್ಟೊಂದು ಇದ್ದರೆ ಆರಿಸುವುದು ಕಷ್ಟ ಎಂದು ಮಾತ್ರ ಯಾರೂ ಬರೆದಿರಲಿಲ್ಲ. ಒಂದರಲ್ಲಿ ಹೋಟೆಲಿನ ನಮೂನೆಗಳೇನೋ ಇದ್ದವು. ಆದರೆ ಎಲ್ಲದರಲ್ಲೂ ಬಿಳಿ ಅಂಗಿಯವರು ಫೋರ್ಕಿನಲ್ಲಿ ಸೊಪ್ಪು ತಿನ್ನುತ್ತಿದ್ದರು. ಆ ಸೊಪ್ಪನ್ನು ತೆಗೆದು ಸಿಗಡಿಯ, ಅಂದರೆ ನಮ್ಮ ಚಟ್ಲಿಯ, ಗಸಿ ಇಟ್ಟರೆ ಫೋರ್ಕಿನವರಿಗೆ ಉಂಬುಕೆ ಆಗುತ್ತದೆಯೇ ಎಂದು ಎರಡು ದಿನ ಯೋಚಿಸಿದೆ. ಇನ್ನೊಂದು ಎಲ್ಲವನ್ನೂ ಪುಕ್ಕಟೆ ಮಾಡಿಸಿಕೊಂಡು, ಕೊನೆಗೆ ಊರಿಗೆ ತೋರಿಸಬೇಕಾದರೆ ಕಾರ್ಡು ತಾ ಎಂದಿತು. ನನ್ನ ಹತ್ತಿರ ಇದ್ದದ್ದು ರೇಶನ್ ಕಾರ್ಡು. ಮತ್ತೊಂದು ಸುಮ್ಮನೆ ಖಾಲಿ ಬಿಳಿ ಪುಟ ಕೊಟ್ಟಿತು. ಅದು ನನಗೆ ಬಹಳ ಹಿಡಿಸಿತು. ಒಂದು ವಾರ ಅದನ್ನೇ ನೋಡುತ್ತಾ ಕೂತೆ.

“ಎಂತ ಮಾಡ್ತ್ರಿ?” ಎಂದು ಅತ್ತೆ ಇಣುಕಿದರು.

“ಹೋಮ್ ಪೇಜ್ ಮಾಡ್ತಾ ಇದ್ದೆ, ಅತ್ತೆ.”

“ಹೋಮವಾ? ಮೊದ್ಲೇ ಹೇಳುಕಾಗ? ಮೀನಿನ್ ಪಾತ್ರೆ ಎಲ್ಲ ಹೊರ್ಗ್ ಇಡ್ಕಲೆ!” ಎಂದವರೇ ಸೀದಾ ಅಡುಗೆಮನೆ ಖಾಲಿ ಮಾಡತೊಡಗಿದರು. ಅವರನ್ನು ತಡೆಯುವಷ್ಟರಲ್ಲಿ ಅರ್ಧ ಪಾತ್ರೆಗಳು ಅಂಗಳದಲ್ಲಿದ್ದವು.

ಕೊನೆಗೆ ಸಿಕ್ಕಿತು ನೋಡಿ, ನನ್ನ ಕನಸಿನ ಸಾಫ್ಟ್‌ವೇರು! ಅದರಲ್ಲೊಂದು ನಮೂನೆ. ತೆರೆದ ಕೂಡಲೇ ಹೂವಿನ ಎಸಳು ಉದುರುತ್ತದೆ, ಪರದೆ ಸರಿಯುತ್ತದೆ, ಸಂಗೀತ ತೇಲುತ್ತದೆ. ಹೂವಿನ ಜಾಗದಲ್ಲಿ ಮೀನು ಹಾಕಿದರೆ ಆಕಾಶದಿಂದ ಬಂಗುಡೆ ಇಳಿಯಲೂ ಆಯಿತು. ಅದು ಮದುವೆ ಕರೆಯೋಲೆಯ ನಮೂನೆಯಾಗಿತ್ತು ಎನ್ನುವುದು ಒಂದು ಸಣ್ಣ ವಿಷಯ. ಮುಹೂರ್ತ ಎಂದಿದ್ದಲ್ಲಿ ‘ಭಾನುವಾರ ಮಧ್ಯಾಹ್ನ’ ಎಂದೂ ವರ ಎಂದಿದ್ದಲ್ಲಿ ‘ಕುಚಲಕ್ಕಿ ಅನ್ನ’ ಎಂದೂ ವಧು ಎಂದಿದ್ದಲ್ಲಿ ‘ಮೀನು ಗಸಿ’ ಎಂದೂ ತುಂಬಿದೆ. ಇದಕ್ಕಿಂತ ಒಳ್ಳೆಯ ಜೋಡಿಯನ್ನು ಯಾವ ಜೋಯಿಸರು ಕೂಡಿಸಿದ್ದಾರೆ?

ವೆಬ್‌ಸೈಟಿನ ಬಾಗಿಲಲ್ಲಿ ‘ಯಾರು, ಯಾವೂರು, ಫೋನ್ ನಂಬ್ರ’ ಎಂದು ಕೇಳುವ ಜಾಗವಿತ್ತು. ನಮ್ಮ ಕಡೆ ಬಂದವರನ್ನು ಮೊದಲು ಕೇಳುವುದೇ ಅದನ್ನು, ಹಾಗಾಗಿ ಇಟ್ಟುಕೊಂಡೆ. ಕೆಳಗೆ ‘ಆರ್‌ಎಸ್‌ವಿಪಿ’ ಎಂದು ಇಂಗ್ಲಿಷಿನ ನಾಲ್ಕಕ್ಷರ ಬರೆದು ಎರಡು ಗುಂಡಿ ಇಟ್ಟಿದ್ದರು. ಒಂದನ್ನು ಒತ್ತಿ ನೋಡಿದೆ. ‘ಥ್ಯಾಂಕ್ ಯೂ’ ಎಂದು ಬಂದು ಎಲ್ಲ ಮುಚ್ಚಿಕೊಂಡಿತು. ಥ್ಯಾಂಕ್ ಯೂ ಎಂದ ಮೇಲೆ ಇನ್ನೇನು, ಅದು ಹೊರಗೆ ಹೋಗುವ ಬಾಗಿಲೇ! ಎರಡು ಬಾಗಿಲೇಕೆಂದು ಇನ್ನೊಂದನ್ನು ಅಳಿಸಿದೆ. ಉಳಿದದ್ದಕ್ಕೆ ಏನು ಹೆಸರಿಡುವುದು? ‘ಹೋತೆ’ ಎಂದು ಬರೆಯುವ ಹಾಗಿಲ್ಲ. ನಮ್ಮ ಕಡೆ ಯಾರ ಮನೆಯಿಂದ ಹೊರಡುವಾಗಲೂ ‘ಹೋತೆ’ ಎನ್ನಬಾರದು, ಅಪಶಕುನ. ಹೋಗುವವನೂ ‘ಬತ್ತೆ’, ಅಂದರೆ ಬರುತ್ತೇನೆ, ಎಂದೇ ಹೇಳಬೇಕು. ಅದನ್ನು ನಂಬಿ ಯಾರೂ ಮತ್ತೆ ಒಲೆಗೆ ನೀರಿಡುವುದಿಲ್ಲ. ಹಾಗಾಗಿ ದೊಡ್ಡ ಅಕ್ಷರದಲ್ಲಿ ‘ಬತ್ತೆ’ ಎಂದು ಬರೆದೆ. (ನಮ್ಮ ಭಾಷೆಯಲ್ಲಿ ಗುಂಡಿ ಎಂದರೆ ಒತ್ತುವುದೂ ಹೌದು, ಬೀಳುವುದೂ ಹೌದು ಎನ್ನುವುದು ಆಗ ಹೊಳೆಯಲಿಲ್ಲ.)

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ವೆಬ್‌ಸೈಟನ್ನು ಬೈಂದೂರಿನಿಂದ ಬ್ರಹ್ಮಾವರದವರೆಗೆ ಗುರುತಿದ್ದವರಿಗೆಲ್ಲ ವಾಟ್ಸಾಪಿನಲ್ಲಿ ಹಂಚಿದೆ. ಮಾಲೀಕರ ನಂಬರ್ ಎಂದು ಸುಗುಣಳದ್ದನ್ನೇ ಕೊಟ್ಟಿದ್ದೆ. ಹಂಚಿ, ಕಣ್ಣು ಮುಚ್ಚಿದೆ. ಎಚ್ಚರವಾದಾಗ ಸುಗುಣ ಲೋಟದಲ್ಲಿ ಚಹಾ ಹಿಡಿದು ಎದುರು ನಿಂತಿದ್ದಳು. ಸಕ್ಕರೆ ಧಾರಾಳ.

“ಹ್ವಾಯ್, ನಿಮ್ಗ್ ಎಂತಾರೂ ಹೇಳಿರೆ ಬೇಜಾರ್ ಮಾಡ್ಬೇಡಿ. ಫೋನಿಗ್ ಟಿಂಗ್ ಟಿಂಗ್ ಅಂದೇಳಿ ಬತ್ತಾ ಇತ್ತ್. ಹಟ್ಟಿಯಂಗಡಿ ಭೋಜಣ್ಣ ಬತ್ತೆ ಅಂದಿರ್. ತ್ರಾಸಿಯೋರ್ ಬತ್ತೆ ಅಂದಿರ್. ಅಮಾಸೆಬೈಲಿಂದ್ಲೂ ಇತ್ತ್ ಕಾಣಿ!”

ಮದುವೆ ನಮೂನೆಯ ಆ ಗುಂಡಿ ಊಟಕ್ಕೆ ಬರುವವರ ಲೆಕ್ಕವನ್ನು ಮನೆಯವರಿಗೆ ಕಳಿಸುವ ಗುಂಡಿ ಎಂದು ನನಗೇನು ಗೊತ್ತು? ನನ್ನ ಕನಸು ಫಲಿಸಿತೆಂದು ನಾನೂ ಹಿಗ್ಗಿದೆ. ಸುಗುಣ ಆ ದಿನ ಹಾಡಿಕೊಂಡು ಮಸಾಲೆ ಅರೆದಳು. ಭಾನುವಾರ ಮುಂಜಾನೆಯೇ ಗಂಗೊಳ್ಳಿಗೆ ಹೋಗಿ ಬುಟ್ಟಿ ಬುಟ್ಟಿ ಅಂಜಲ್, ನಂಗ್ ಮೀನು, ಚಟ್ಲಿ ತಂದಳು. ಕೈಯಲ್ಲಿದ್ದದ್ದನ್ನೆಲ್ಲ ಆ ಬುಟ್ಟಿಗೆ ಹಾಕಿಬಿಟ್ಟಿದ್ದಳು.

ನಾನು ಎಲೆ ತರಲು ಪೇಟೆಗೆ ಹೋದಾಗ ಚಂದಯ್ಯ ಮಾಸ್ಟ್ರು ಸಿಕ್ಕಿದರು. ಸುಗುಣಳಿಗೆ ಬತ್ತೆ ಎಂದವರ ಪೈಕಿ ಅವರೂ ಒಬ್ಬರು.

“ಎಂತದಾ ಮಾರಾಯ ಅದ್ ನಿನ್ ವೆಬ್‌ಸೈಟ್? ಮೇಲಿಂದ ಮೀನ್ ಬೀಳ್ತೇ ಇತ್ತ್, ನಿಲ್ಲುದೇ ಇಲ್ಲೆ! ವಿಳಾಸ ಹುಡ್ಕಿ ಹುಡ್ಕಿ ಸಾಕಾಯ್ತ್. ಕಡಿಗೆ ಬತ್ತೆ ಅಂದೇಳಿ ಒತ್ತಿ ಹೊರ್ಗ್ ಬಂದೆ.”

ನನ್ನ ಕೈಯಿಂದ ಎಲೆಯ ಕಟ್ಟು ಜಾರಿತು. ಬರುವವರೆಂದು ನಾವು ಹಿಗ್ಗಿದವರೆಲ್ಲ ಓಡಿಹೋದವರು!

ಹೋಟೆಲಿಗೆ ಬಂದೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಸುಗುಣ ಅದಕ್ಕೊಂದು ಚಟ್ಲಿ ಹಾಕಿ “ಉಪ್ಪ್ ಕಾಣಿ” ಎನ್ನುತ್ತಿದ್ದಳು. ಉಪ್ಪು ಸರಿಯಾಗಿತ್ತು. ಹೇಳಬೇಕಾದ ಮಾತೂ ಚಟ್ಲಿಯ ಜೊತೆ ಒಳಗೆ ಹೋಯಿತು. ಮಧ್ಯಾಹ್ನವಾಯಿತು. ಎಲೆ ಹಾಕಿಯಾಯಿತು. ಮೇಲೆ ಬಸ್ಸುಗಳು ಹೋದವು. ಸುಗುಣ ಬಾಗಿಲಿಗೂ ಒಲೆಗೂ ನಡೆದು ನಡೆದು ಕೊನೆಗೆ ಬೆಂಚಿನ ಮೇಲೆ ಕೂತಳು. ಆ ಮುಖ ನೋಡಲಾಗದೆ ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಬೈಗುಳಕ್ಕೆ ತಲೆ ತಗ್ಗಿಸಿದೆ. ಬರಲಿಲ್ಲ. ಅವಳು ಫೋನು ಎತ್ತಿಕೊಂಡಳು.

“ಹ್ವಾಯ್ ಭೋಜಣ್ಣ, ಎಲ್ಲಿದ್ರಿ? ನಿನ್ನೆ ಬತ್ತೆ ಅಂದಿದ್ರಿ ಅಲ್ದಾ? ಎಲೆ ಹಾಕಿ ಕಾಯ್ತಾ ಇದ್ದೆ, ಗಸಿ ತಣಿತಾ ಇತ್ತ್.”

ಆ ಕಡೆಯಿಂದ “ಹಾಂ... ಹೌದಲೆ... ಹೊರ್ಟಾಯ್ತ್ ಮಾರಾಯ್ತಿ, ತಲ್ಲೂರ್ ದಾಟ್ದೆ ಕಾಣ್!” ಎಂದು ಭೋಜಣ್ಣನ ದನಿ. ಹಿಂದಿನಿಂದ ಅವನ ಮನೆಯ ಕುಕ್ಕರ್ ಕೂಗುತ್ತಿತ್ತು.

ಒಬ್ಬೊಬ್ಬರಿಗೂ ಅದೇ ಮಾತು. ಬತ್ತೆ ಎಂದು ಹೇಳಿದವನಿಗಾಗಿ ಎಲೆ ಹಾಕಿ ಕಾದಿದ್ದಾರೆ ಎಂದರೆ ಬರುವುದಿಲ್ಲ ಎನ್ನುವ ಗಟ್ಟಿಗ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಸ್ಕೂಟರಿನಲ್ಲಿ ಬಂದರು, ರಿಕ್ಷಾದಲ್ಲಿ ಬಂದರು, ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ಬಂದರು. ತ್ರಾಸಿಯವರು ಮನೆಯಲ್ಲಿ ಒಮ್ಮೆ ಉಂಡವರು ಇಲ್ಲಿ ಮತ್ತೆ ಉಂಡರು, ನಂಗ್ ಫ್ರೈ ಎರಡೆರಡು ಸಲ ಹಾಕಿಸಿಕೊಂಡರು. ಬೆಂಚು ಸಾಲದೆ ಅಂಗಳದಲ್ಲೂ ಎಲೆ ಬಿತ್ತು. ಕೈ ತೊಳೆದು ಹೊರಡುವಾಗ ಮುಂದಿನ ಭಾನುವಾರಕ್ಕೆ ನೆಂಟರನ್ನೂ ಕರೆತರುವುದಾಗಿ ಹೇಳಿದರು. ಗೇರುಬೀಜದ ಮಾತನ್ನು ಸುಗುಣ ಆಮೇಲೆ ಎತ್ತಲಿಲ್ಲ.

ಸಂಜೆ ನಾನು ಶಾಲು ಹೊದಿಸಿಕೊಳ್ಳುವವನ ಗತ್ತಿನಲ್ಲಿ ಲ್ಯಾಪ್‌ಟಾಪು ಹಿಡಿದು ಕೂತೆ.

“ಹೆಸ್ರು ಫೋನ್ ಕೇಂಬುದ್, ಬತ್ತೆ, ಅದ್ ಎರಡ್ ಇಟ್ಕಣಿ. ವಿಳಾಸ ಒಂದ್ ಹಾಕಿ. ಉಳ್ದದ್ ಎಲ್ಲ ತೆಗಿನಿ” ಎಂದಳು ಸುಗುಣ.

“ಸಮುದ್ರ?”

“ಸಮುದ್ರ ಮರವಂತೆಗ್ ಇತ್ತಲೆ. ಬೇಕಾದೋರ್ ಅಲ್ ಹೋಯ್ ಕಾಂತ್ರ್.”

ನನ್ನ ಅಲೆ, ಎಲೆ, ಆಕಾಶದ ಬಂಗುಡೆ, ಎಲ್ಲವನ್ನೂ ನನ್ನ ಕೈಯಲ್ಲೇ ಅಳಿಸಿದೆ. ಈಗ ಭಾನುವಾರ ಬಂತೆಂದರೆ ನಮ್ಮಲ್ಲಿ ಕೂರಲು ಜಾಗವಿಲ್ಲ. ಮೊನ್ನೆ ಕುಂಭಾಶಿಯಿಂದ ಬಂದ ಒಬ್ಬರು ಉಣ್ಣುತ್ತಾ, ಈ ವೆಬ್‌ಸೈಟ್ ಮಾಡಿಕೊಟ್ಟವರು ಯಾರು, ತಮ್ಮ ಅಂಗಡಿಗೂ ಬೇಕಿತ್ತು ಎಂದು ವಿಚಾರಿಸಿದರು. ನಾನು ಸಾರಿನ ಪಾತ್ರೆ ಹಿಡಿದವನು ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಒಳಗಿನಿಂದ ಸುಗುಣಳ ದನಿ ಬಂತು:

“ನಮ್ಮನಿಯೋರೇ ಮಾಡದ್. ಜನ ಒಳ್ಗ್ ಬಪ್ಪು ಹಾಂಗ್ ಮಾಡುಕ್ ಅವ್ರಿಗ್ ಬತ್ತಿಲ್ಲೆ. ಓಡಿಹೋಪು ಬಾಗ್ಲ್ ಮಾತ್ರ ಲಾಯ್ಕ್ ಮಾಡ್ತ್ರ್!”

ಇಡೀ ಹೋಟೆಲು ನಕ್ಕಿತು. ನಾನು ಸಾರು ಬಡಿಸುವುದನ್ನು ಮುಂದುವರಿಸಿದೆ.