ಹದಿನಾಲ್ಕು ಇಂಚಿನ ಮಹಾಸಂಗ್ರಾಮ

ಎಲೈ ಅಂಟಿನ ಅಧಿದೇವತೆಯೇ, ಮೈದಾಹಿಟ್ಟಿನ ಗಂಜಿಯಲ್ಲಿ ನೆಲೆಸಿ, ಹಾಳೆಗೆ ಹಾಳೆಯನ್ನು ಬೆಸೆದು, ಲೋಕದ ಸಕಲ ಸರಕಿಗೂ ಕವಚ ತೊಡಿಸುವ ತಾಯೇ, ಈ ಕಥನಕಾರನ ನಾಲಗೆಗೆ ಅಷ್ಟೇ ಬಿಗಿಯಾಗಿ ಮಾತನ್ನು ಅಂಟಿಸು! ಏಕೆಂದರೆ ಈಗ ಹೇಳಹೊರಟಿರುವುದು ಸಾಮಾನ್ಯ ಕದನದ ಕಥೆಯಲ್ಲ.

ಅದು ಪೆಟ್ಟಿಗೆಗಳ ಯುಗ. ಊದುಬತ್ತಿಯಿಂದ ಹಿಡಿದು ಪಂಪ್‌ಸೆಟ್ಟಿನವರೆಗೆ ಯಾವ ವಸ್ತುವೂ ರಟ್ಟಿನ ಅಂಗಿ ತೊಡದೆ ಊರು ಬಿಟ್ಟು ಊರಿಗೆ ಹೋಗದಿದ್ದ ಕಾಲ. ಆ ಯುಗದಲ್ಲಿ, ಹುಬ್ಬಳ್ಳಿಯ ಹೊರವಲಯದ ತರಿಹಾಳ ಕೈಗಾರಿಕಾ ಪ್ರದೇಶದಲ್ಲಿ, ಹಂಚಿನಾಳ ಪ್ಯಾಕೇಜಿಂಗ್ ಎಂಬ ತಗಡಿನ ಛಾವಣಿಯ ಮಹಾದುರ್ಗದೊಳಗೆ, ಸಕಲ-ಪೇಟಿಕಾ-ಪ್ರಮಾಣ-ಪಾರಂಗತೆಯೂ, ದೂರವಾಣಿ-ಕಲಹ-ಧುರಂಧರೆಯೂ, ಲಾರಿ-ಚಾಲಕ-ಗರ್ವ-ಭಂಜಿನಿಯೂ ಆದ ನೀಲಾಂಬಿಕಾ ಕುಬಸದ ಎಂಬ ವೀರಮಹಿಳೆಯು ಕಚೇರಿಯ ಮ್ಯಾನೇಜರ್ ಪದವಿಯನ್ನು ಅಲಂಕರಿಸಿದ್ದಳು.

ಆದರೆ ಆ ವೀರಮಹಿಳೆಯ ಎದೆಯಲ್ಲೊಂದು ಯಾರಿಗೂ ಹೇಳದ ವ್ಯಥೆಯಿತ್ತು. ಅವಳ ಪಾಲಿಗೆ ಬಂದದ್ದೆಲ್ಲವೂ ಬೇರೆ ಯಾರೋ ಬಳಸಿ ಬಿಟ್ಟದ್ದು. ಮೂವರು ಅಕ್ಕಂದಿರ ಬೆನ್ನಿಗೆ ಹುಟ್ಟಿದ್ದರಿಂದ ಹುಡುಗಿಯಾಗಿದ್ದಾಗ ಉಟ್ಟ ಲಂಗಗಳೆಲ್ಲ ಮೂರು ಸಲ ಬಿಚ್ಚಿ ಹೊಲಿದಂಥವು. ಕಚೇರಿಯ ಕುರ್ಚಿ, ಸಾಹುಕಾರರು ಹೊಸದು ತರಿಸಿಕೊಂಡಾಗ ಇಳಿದು ಬಂದದ್ದು. ಲ್ಯಾಪ್‌ಟಾಪಂತೂ ಸಾಹುಕಾರರ ಮಗ ಕಾಲೇಜಿನಲ್ಲಿ ಆಟವಾಡಿ ಸವೆಸಿ ಕೊಟ್ಟದ್ದು. ಅದರ ಬೆನ್ನ ಮೇಲೆ ಬೆಂಕಿಯುಗುಳುವ ಡ್ರ್ಯಾಗನ್ ಒಂದರ ಸ್ಟಿಕ್ಕರು ಅರ್ಧ ಕಿತ್ತು ಅರ್ಧ ಉಳಿದಿತ್ತು.

ಒಂದು ಸೋಮವಾರ ಬೆಳಿಗ್ಗೆ ಗದಗಿನ ಊದುಬತ್ತಿಯವರಿಗೆ ಡಬ್ಬಿಯ ಅಳತೆ ಕಳಿಸುತ್ತಿದ್ದಾಗ, ಆ ವೃದ್ಧಯಂತ್ರವು ಹಿಟ್ಟಿನ ಗಿರಣಿಯಂತೆ ಮೊರೆದು, ಒಮ್ಮೆ ಅಡಿಯಿಂದ ಮುಡಿಯವರೆಗೆ ನಡುಗಿ, ಮುಖ ನೀಲಿಗಟ್ಟಿ, ಅವಳ ಕಣ್ಣೆದುರೇ ದೇಹತ್ಯಾಗ ಮಾಡಿತು.

ಸಾಹುಕಾರ ಪ್ರಭುಸ್ವಾಮಿ ಹಂಚಿನಾಳರು ಆಗ ನವಲಗುಂದದ ಸಂಬಂಧಿಕರ ನಿಶ್ಚಿತಾರ್ಥಕ್ಕೆಂದು ಜರಿಪಂಚೆಯುಟ್ಟು ಹೊರಟು ನಿಂತಿದ್ದರು. ಸತ್ತ ಯಂತ್ರವನ್ನು ಒಮ್ಮೆ ನೋಡಿ ಕಾರಿನ ಬಾಗಿಲಲ್ಲೇ ಅಪ್ಪಣೆ ಕೊಟ್ಟರು: "ಇನ್ನ ಇದನ್ನ ರಿಪೇರಿ ಮಾಡಸೂದು ಬ್ಯಾಡ್ರಿ ನೀಲಾಂಬಿಕಾ ಅವ್ರ, ಹೊಸಾದ ತರಸೂಣು. ನಮಗ ಹೆಂಗ ಬೇಕೋ ಹಂಗ ಆನ್‌ಲೈನಿನ್ಯಾಗ ಆರಿಸಿ ಮಾಡಿಸಿಕೊಳ್ಳಾಕ ಬರ್ತೈತಂತ. ಜಮಖಂಡಿ ಅವ್ರೂ ಗಿರಾಕಿ ಕಡೆ ಹೋಗುವಾಗ ಅದನ್ನ ಒಯ್ಯವ್ರು. ಇಬ್ಬರೂ ನನ್ನ ಕ್ಯಾಬಿನ್ನಿನ್ಯಾಗ ಕುಂತು ಆರಿಸ್ರಿ. ಸಂಜೀಕ ನಾ ಬರೂದ್ರಾಗ ಆರ್ಡರ್ ಹೋಗಿರ್ಬೇಕು. ಜಗಳ ಮಾಡಬ್ಯಾಡ್ರಿ ಮತ್ತ."

ಹೀಗೆಂದು ಅವರು ಧೂಳೆಬ್ಬಿಸಿಕೊಂಡು ಹೋದರು. ಎಲ್ಲ ಮಹಾಯುದ್ಧಗಳೂ ಆರಂಭವಾಗುವುದು ಇಂಥ ಸದಾಶಯದಿಂದಲೇ.

ನೀಲಾಂಬಿಕೆ ಸಾಹುಕಾರರ ಗಿರಕಿ ಕುರ್ಚಿಯ ಅಂಚಿನಲ್ಲಷ್ಟೇ, ಅದು ನೊಂದುಕೊಂಡೀತೆಂಬಂತೆ, ಕುಳಿತಳು. ಅವರ ಕಂಪ್ಯೂಟರಿನಲ್ಲಿ ಲ್ಯಾಪ್‌ಟಾಪ್ ಮಾರುವ ಪುಟವನ್ನು ತೆರೆದಳು. 'ನಿಮಗೆ ಬೇಕಾದಂತೆ ರೂಪಿಸಿಕೊಳ್ಳಿ' ಎಂದು ಅಲ್ಲಿ ಬರೆದಿತ್ತು. ನಿನಗೆ ಏನು ಬೇಕು ಎಂದು ಯಾರಾದರೂ ಅವಳನ್ನು ಕೇಳಿ ಎಷ್ಟು ಕಾಲವಾಗಿತ್ತೋ!

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಬಂದನು ಎದುರಾಳಿ. ಸಪ್ತ-ಜಿಲ್ಲಾ-ಸಂಚಾರಿಯೂ, ಗ್ರಾಹಕ-ಹೃದಯ-ವಶೀಕರಣ-ಚತುರನೂ, ಇಸ್ತ್ರಿ-ಮಡಿಕೆ-ಮುರಿಯದ-ಅಂಗಿಧಾರಿಯೂ ಆದ ಮಾರಾಟ ವಿಭಾಗದ ವಾದಿರಾಜ ಜಮಖಂಡಿ! ಆತ ಕುರ್ಚಿಯನ್ನೆಳೆದು, ತೋಳು ಮಡಚಿ, ಪರದೆಯನ್ನು ದಿಟ್ಟಿಸಿದನು. ಮೊದಲ ದ್ವಾರದಲ್ಲಿ ಪ್ರಶ್ನೆಯೊಂದು ಕಾವಲು ನಿಂತಿತ್ತು: ಪರದೆಯ ಗಾತ್ರ ಎಷ್ಟು?

"ಹದಿಮೂರು ಇಂಚು," ಎಂದು ವಾದಿರಾಜನು ಸಿಂಹನಾದ ಮಾಡಿದನು.

"ಹದಿನೈದೂವರೆ," ಎಂದಳು ನೀಲಾಂಬಿಕೆ, ಧ್ವನಿಯನ್ನು ಎತ್ತರಿಸದೆ.

ವಾದಿರಾಜನು ಎದ್ದು ನಿಂತು, ಕಾಲರನ್ನು ಸರಿಮಾಡಿಕೊಂಡು, ವೀರಾವೇಶದಿಂದ ನುಡಿದನು: "ಅಕ್ಕಾರ, ನಾ ಯಾರಂತ ಮರತೀರೇನು? ಬಿಜಾಪುರದ ಒಣದ್ರಾಕ್ಷಿಯವರು ಮೂರು ಸಲ ಮುಖದ ಮ್ಯಾಲೆ ಬಾಗಲಾ ಹಾಕಿದ್ರು. ನಾಲ್ಕನೇ ಸಲ ಅವರ ಮನಿಯೊಳಗ ಕೂತು, ಅವರ ಕಡೆನ ಚಹಾ ತರಿಸಿ ಕುಡಿದು, ಆರ್ಡರ್ ತಂದಾಂವ ನಾನು! ನಾ ಲ್ಯಾಪ್‌ಟಾಪ್ ತೆರದ್ರ ಎದುರಿಗೆ ಕೂತಾಂವನ ಕಣ್ಣು ಕುಕ್ಕಬೇಕು. ತೆಳ್ಳಗ ಇರಬೇಕ್ರಿ ಅದು, ಹಪ್ಪಳದಂಗ!"

"ಹಪ್ಪಳದ ಮ್ಯಾಲೆ ನಾ ಎಲ್ಲಿ ಬೆರಳು ಇಡ್ಲಿ ಜಮಖಂಡಿ ಅವ್ರ?" ನೀಲಾಂಬಿಕೆಯೂ ಎದ್ದಳು. ಗಿರಕಿ ಕುರ್ಚಿ ಭಯದಿಂದ ಅರ್ಧಸುತ್ತು ತಿರುಗಿತು. "ನನ್ನ ಕೆಲಸ ಏನು ಹೇಳ್ರಿ? ಉದ್ದ, ಅಗಲ, ಎತ್ತರ. ಬರೇ ಅಂಕಿ. ದೊಡ್ಡದಕ್ಕಾದ್ರ ಬಲಗಡೆ ಅಂಕಿ ಗುಂಡಿ ಬ್ಯಾರೇನ ಇರ್ತಾವು. ಅವು ಇರ್ಲಿಲ್ಲಂದ್ರ ನನ್ನ ಕೈ ಕಟ್ಟಿ ಹಾಕಿದಂಗ. ನೀವು ತಂದ ಆ ಒಣದ್ರಾಕ್ಷಿ ಆರ್ಡರಿಗೆ ಡಬ್ಬಿ ಅಳತಿ ಹಾಕಿದಾಕಿ ಯಾರು? ನಾ ಒಂದು ಅಂಕಿ ತಪ್ಪಿದ್ರ ನಿಮ್ಮ ದ್ರಾಕ್ಷಿ ಬಿಜಾಪುರದ ತುಂಬ ಚೆಲ್ಲಾಡ್ತಿದ್ವು!"

ಬಾಣಕ್ಕೆ ಬಾಣ ತಾಗಿತು. ತೂಕವೆಂಬ ಗದೆಯನ್ನು ಆತ ಬೀಸಿದರೆ, ಕಣ್ಣುನೋವೆಂಬ ಗುರಾಣಿಯನ್ನು ಈಕೆ ಹಿಡಿದಳು. ಹೊರಗೆ ರಟ್ಟು ಕತ್ತರಿಸುತ್ತಿದ್ದವರು ಯಂತ್ರ ನಿಲ್ಲಿಸಿ ಕಿವಿಗೊಟ್ಟರು. ಊಟದ ಹೊತ್ತು ಮೀರಿತು. ಇಬ್ಬರ ಡಬ್ಬಿಗಳೂ ತಣ್ಣಗಾದವು.

ಕೊನೆಗೆ ವಾದಿರಾಜನು, "ನೀವ ಎತ್ತಿ ನೋಡ್ರಿ, ನಾ ಹೊರೂದು ಎಷ್ಟಂತ," ಎಂದು ರೋಷದಿಂದ ತನ್ನ ತಿರುಗಾಟದ ಚೀಲವನ್ನು ಬಲಗೈಯಿಂದ ಮೇಲೆತ್ತಿದನು. ಅರ್ಧಕ್ಕೆ ಬಂದ ಕೈ ಅಲ್ಲೇ ನಿಂತಿತು. ಮುಖ ಕಿವುಚಿಕೊಂಡಿತು. ಚೀಲವು ದೊಪ್ಪನೆ ನೆಲಕ್ಕೆ ಬಿತ್ತು.

"ಏನಾತ್ರಿ?" ಎಂದಳು ನೀಲಾಂಬಿಕೆ.

"ಏನಿಲ್ಲ."

"ಏನಿಲ್ಲ ಅಂದ್ರ? ಬೆವತೀರಿ."

ಸಪ್ತ-ಜಿಲ್ಲಾ-ಸಂಚಾರಿಯು ಕುರ್ಚಿಯಲ್ಲಿ ಕುಸಿದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದನು. "ಭುಜದಾಗ ನರ ಹಿಡಕೊಂಡದ್ರಿ ಅಕ್ಕಾರ. ಭಾರ ಹೊರಬ್ಯಾಡಂತ ಡಾಕ್ಟರು ಹೇಳ್ಯಾರ. ಸಾಹುಕಾರ್ರಿಗೆ ಹೇಳಿಲ್ಲ. ಹೇಳಿದ್ರ ತಿರುಗಾಟ ಬಿಡಿಸಿ ಗೋದಾಮಿನ್ಯಾಗ ಕೂಡಸ್ತಾರ. ನಾಕು ಮಂದಿ ಜೋಡಿ ಮಾತಾಡದ ನಾ ಹೆಂಗ ಇರ್ಲಿ? ಗಿರಾಕಿ ಕಣ್ಣು ಕುಕ್ಕೂದು ಎಲ್ಲಾ ಸುಳ್ಳರಿ. ನನಗ ಹಗೂರಂದು ಬೇಕಾಗ್ಯದ, ಅಷ್ಟ."

ನೀಲಾಂಬಿಕೆಯ ಕೋಪವು ಹಾಲಿನ ಉಕ್ಕಿಗೆ ನೀರು ಚಿಮುಕಿಸಿದಂತೆ ಇಳಿಯಿತು. "ಇದನ್ನ ಮುಂಜಾನೆನ ಹೇಳಬಾರದೇನ್ರಿ?" ಎಂದು ಗದರಿ, ಅವನ ಎದುರಿಗೆ ನೀರಿನ ಲೋಟವನ್ನು ಸರಿಸಿದಳು. ಪರದೆಯ ಕಡೆ ತಿರುಗಿದಳು. ಅಂಕಿಗುಂಡಿಗಳ ಸಾಮ್ರಾಜ್ಯವನ್ನು ಮನಸ್ಸಿನಲ್ಲೇ ತ್ಯಜಿಸಿ, ಯಾವ ಶಂಖನಾದವೂ ಇಲ್ಲದೆ, ಹದಿನಾಲ್ಕು ಇಂಚಿನ ಹಗುರವಾದದ್ದನ್ನು ಒತ್ತಿದಳು.

ಎರಡನೆಯ ದ್ವಾರದಲ್ಲಿ ಪ್ರೊಸೆಸರ್ ಎಂಬ ಘೋರಮಂತ್ರವಿತ್ತು. ಅಕ್ಷರವೂ ಅಂಕಿಯೂ ಬೆರೆತ ಐದು ಹೆಸರುಗಳು ಸಾಲಾಗಿ ನಿಂತಿದ್ದವು. ಇಬ್ಬರು ಮಹಾವೀರರೂ ಗಂಭೀರವಾಗಿ ತಲೆದೂಗಿದರು.

"ನಿಮಗ ಏನ ಅನಸ್ತದ?" ಎಂದನು ವಾದಿರಾಜ.

"ನೀವ ಹೇಳ್ರಿ."

"ಮೊದಲಿಂದು ಬ್ಯಾಡ. ಕಡೀದು ಮ್ಯಾಲಿನವ್ರಿಗೆ ಇರ್ತದ."

ಹೀಗೆ ಮಹಾಜ್ಞಾನಿಗಳ ಸರ್ವಾನುಮತದಿಂದ ನಡುವಿನದು ಆಯ್ಕೆಯಾಯಿತು. ಮೆಮೊರಿಯ ದ್ವಾರದಲ್ಲಿ ಎಂಟು, ಹದಿನಾರು ಎಂಬ ಅವಳಿ ದೈತ್ಯರಿದ್ದರು. "ಹಳೇದರ ಕೂಡ ತ್ರಾಸ ಪಟ್ಟಿದ್ದು ಸಾಕು," ಎಂದು ನೀಲಾಂಬಿಕೆ ಹದಿನಾರನ್ನು ಒತ್ತಿದಾಗ ವಾದಿರಾಜನು ಸೈ ಎಂದನು.

ಆಮೇಲೆ ಕೀಬೋರ್ಡಿನ ಸರದಿ. ಸಾದಾ, ಅಥವಾ ಗುಂಡಿಗಳ ಅಡಿಯಿಂದ ಬೆಳಕು ಬರುವಂಥದ್ದು. ಚಿತ್ರದಲ್ಲಿ ಪ್ರತಿ ಅಕ್ಷರದ ಸುತ್ತ ಬೆಳದಿಂಗಳಿನಂಥ ಹೊಳಪಿತ್ತು. ಲಾರಿ-ಚಾಲಕ-ಗರ್ವ-ಭಂಜಿನಿಯು ಅದನ್ನು ನೋಡಿದಳು. ನೋಡುತ್ತಲೇ ಇದ್ದಳು. ಕಚೇರಿಯಲ್ಲಿ ಹಗಲು ಕೆಲಸ ಮಾಡುವವಳಿಗೆ ಅದರಿಂದ ಎಳ್ಳಷ್ಟೂ ಉಪಯೋಗವಿಲ್ಲ. ಚಂದ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ವಸ್ತುವನ್ನು ಬಯಸಿದ ನೆನಪು ಅವಳಿಗಿರಲಿಲ್ಲ. ಹಾಗೆ ಬಯಸುವುದು ತಪ್ಪೇನೋ ಎಂಬಂತೆ ಬಾಣದ ಗುರುತನ್ನು 'ಸಾದಾ' ಎಂಬಲ್ಲಿಗೆ ಒಯ್ದಳು.

"ಬೆಳಕಿಂದ ತಗೋರಿ ಅಕ್ಕಾರ," ಎಂದನು ವಾದಿರಾಜ.

"ಯಾಕ್ರಿ? ಏನ ಕೆಲಸ ಅದರದು?"

"ಕೆಲಸ ಏನಿಲ್ಲ. ನೋಡ್ಲಿಕ್ಕೆ ಛಂದ ಅದ. ನೀವು ಆಗಿನಿಂದ ಅದನ್ನ ನೋಡ್ಲಿಕ್ಕತ್ತೀರಿ."

ಅವಳ ಕೆನ್ನೆ ಬಿಸಿಯಾಯಿತು. ಸಾಹುಕಾರ್ರು ಕೇಳಿದರೆ ಏನು ಹೇಳುವುದೆಂದು ಗೊಣಗಿದಳು. ಗೊಣಗುತ್ತಲೇ ಅದನ್ನು ಒತ್ತಿಬಿಟ್ಟಳು.

ವಿಜಯದ ಗುಂಡಿಯನ್ನು ಹುಡುಕುತ್ತ ಪುಟದ ಪಾತಾಳಕ್ಕೆ ಇಳಿದಾಗ, ಮೌಸು, ಚೀಲ, ಒರೆಸುವ ಬಟ್ಟೆಗಳ ನಡುವೆ, ಅಂಗೈ ಅಗಲದ ಒಂದು ಕ್ಷುದ್ರ ವಸ್ತು ಅವಳ ಕಣ್ಣಿಗೆ ಬಿತ್ತು. ಬರೀ ಅಂಕಿಗುಂಡಿಗಳು. ಬೇಕಾದಾಗ ಲ್ಯಾಪ್‌ಟಾಪಿಗೆ ಸಿಕ್ಕಿಸುವುದು, ಬೇಡವಾದಾಗ ತೆಗೆದಿಡುವುದು.

ಇಬ್ಬರೂ ಅದನ್ನು ನೋಡಿದರು. ಪರಸ್ಪರ ನೋಡಲಿಲ್ಲ.

"ಇದು ಮೊದಲ ಕಂಡಿದ್ರ..." ಎಂದು ವಾದಿರಾಜನು ಆರಂಭಿಸಿದನು.

"ಸುಮ್ನಿರ್ರಿ. ಊಟಾ ಮಾಡೂಣು ನಡ್ರಿ," ಎಂದು ನೀಲಾಂಬಿಕೆ ಅದನ್ನೂ ಸೇರಿಸಿ, ಕಣ್ಣು ಮುಚ್ಚಿಕೊಂಡು ಆರ್ಡರ್ ಗುಂಡಿಯನ್ನು ಒತ್ತಿದಳು.

ಮುಂದೊಂದು ದಿನ ಆ ದಿವ್ಯಾಯುಧವು ಬಂದಿಳಿಯಿತು. ನೀಲಾಂಬಿಕೆ ಮೊದಲು ಅದರ ಡಬ್ಬಿಯನ್ನು ತಿರುಗಿಸಿ ಮುರುಗಿಸಿ, "ರಟ್ಟು ಛಲೋ ಐತಿ," ಎಂದಳು. ಆಮೇಲೆ ಕಿಟಕಿಯ ಪರದೆ ಎಳೆದು, ಮೇಜಿನ ಮೇಲೆ ಬಾಗಿ, ಎರಡೂ ಅಂಗೈಗಳಿಂದ ಮರೆಮಾಡಿ, ಗುಂಡಿಗಳ ಅಡಿಯ ಬೆಳಕನ್ನು ಒಬ್ಬಳೇ ನೋಡಿ ನಕ್ಕಳು. ಅದನ್ನು ಅವಳಿಗಿಂತ ಮೊದಲು ಯಾರೂ ಮುಟ್ಟಿರಲಿಲ್ಲ.

ಸಾಹುಕಾರರು ಒಳಗೆ ಇಣುಕಿದರು. "ಬಂತೇನ್ರಿ? ಭಾಳ ಛಲೋ ಆತು. ಮೊದಲ ಒಂದು ಅರ್ಜೆಂಟ್ ಕೆಲಸ ಐತಿ."

ಧುರಂಧರೆಯು ಬೆನ್ನು ನೆಟ್ಟಗೆ ಮಾಡಿದಳು. ಹದಿನಾರು ಜಿಬಿ ಮೆಮೊರಿಯು ಸನ್ನದ್ಧವಾಯಿತು. ನಡುವಿನ ಪ್ರೊಸೆಸರ್ ಉಸಿರು ಬಿಗಿಹಿಡಿಯಿತು.

"ಸಂಡಾಸದ ನಳ ಯಾರೂ ಸರಿಯಾಗಿ ಬಂದ್ ಮಾಡವಲ್ರು. ದೊಡ್ಡ ಅಕ್ಷರದಾಗ ಒಂದು ಬೋರ್ಡ್ ತಗದು ಹಚ್ಚಿಬಿಡ್ರಿ."

'ನಳ ಬಂದ್ ಮಾಡಿ ಹೊರಗೆ ಬನ್ನಿ' ಎಂಬ ಮಹಾವಾಕ್ಯವನ್ನು ಅವಳು ಟೈಪು ಮಾಡಿದಳು. ಹಿಂದಿನಿಂದ ಬಗ್ಗಿ ನೋಡಿದ ವಾದಿರಾಜನು, "ಅಕ್ಷರ ಕೆಂಪು ಮಾಡ್ರಿ ಅಕ್ಕಾರ, ಎದ್ದು ಕಾಣ್ತದ," ಎಂದನು.

"ಕೆಂಪು ಬ್ಯಾಡ್ರಿ. ಬೈದಂಗ ಆಗ್ತೈತಿ. ನೀಲಿ ಇರ್ಲಿ."

"ನೀಲಿ ಯಾರು ಓದ್ತಾರ್ರಿ?"

ಕಾಲರು ಸರಿಯಾಯಿತು. ಕುರ್ಚಿ ಹಿಂದೆ ಸರಿಯಿತು. ಹೊರಗೆ ರಟ್ಟಿನ ಯಂತ್ರ ನಿಂತಿತು. ಕೆಂಪಿನ ಪರವಾಗಿ ಒಂದು, ನೀಲಿಯ ಪರವಾಗಿ ಒಂದು ಭೀಕರ ಭಾಷಣ ನಡೆದ ಮೇಲೆ, ಕೆಂಪೇ ಗೆದ್ದು, ಕಾಗದವು ಪ್ರಿಂಟರಿನಿಂದ ಕರಕರನೆ ಹೊರಬಂತು.

ಆ ಪ್ರಿಂಟರಿಗೆ ಬರುತ್ತಿದ್ದದ್ದು ಕಪ್ಪು ಬಣ್ಣ ಒಂದೇ.