ಒತ್ತಿಲ್ಲದ ಹೊಸ ವರ್ಷನ್

ನಗು ಬರುವಂಥ ಸಂಗತಿಗಳು ಎಲ್ಲರ ಬದುಕಿನಲ್ಲೂ ನಡೆಯುತ್ತಲೇ ಇರುತ್ತವೆ. ಮನೆಯಲ್ಲಿ ಕೇಳಿಸಿಕೊಳ್ಳಲು ಒಬ್ಬರಿದ್ದರೆ ಅವು ಅವತ್ತಿನ ಊಟದ ಹೊತ್ತಿಗೇ ಖರ್ಚಾಗಿ ಹೋಗುತ್ತವೆ. ನನ್ನ ಮನೆಯಲ್ಲಿ ಹಾಗೆ ಯಾರೂ ಇರಲಿಲ್ಲ. ಅದಕ್ಕೇ ನನ್ನವು ಒಂದೂ ಖರ್ಚಾಗದೆ ಹಾಗೇ ಉಳಿದಿವೆ.

ತೊಂಬತ್ತರ ದಶಕದ ಕೊನೆಯ ಮಾತು. ಪೀಣ್ಯದಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಕನ್ನಡ ಟೈಪಿಸ್ಟ್. ಊರು ದಾವಣಗೆರೆ. ವಯಸ್ಸು ನಲವತ್ತರ ಹತ್ತಿರ. ಮದುವೆ ಆಗಿರಲಿಲ್ಲ. ಮೊದಮೊದಲು ಅಣ್ಣ ಗಂಡು ತೋರಿಸುತ್ತಿದ್ದ, ಆಮೇಲೆ ಸಂಕ್ರಾಂತಿಗೆ ಕಾಗದ ಬರೆಯುತ್ತಿದ್ದ, ಆಮೇಲೆ ಅದೂ ನಿಂತಿತ್ತು.

ಆಫೀಸಿನಲ್ಲಿ ನನ್ನ ಜಾಗ ಎಲ್ಲಕ್ಕಿಂತ ಕೊನೆಯಲ್ಲಿ, ಫೈಲಿನ ಬೀರುಗಳ ಹಿಂದಿನ ಗಾಜಿನ ಗೂಡು. ಕನ್ನಡದಲ್ಲಿ ಏನಾದರೂ ಬೇಕಾದಾಗ ಮಾತ್ರ ಜನ ಆ ಕಡೆ ಬರುತ್ತಿದ್ದರು. ಕಾರ್ಖಾನೆಯಲ್ಲಿ ಕನ್ನಡ ಎಷ್ಟು ಬೇಕು? 'ಮಾಡಬಾರದು' ಅನ್ನುವುದೆಲ್ಲ ಕನ್ನಡದಲ್ಲಿ, ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ. ಕೆಲವು ದಿನ ಬೆಳಿಗ್ಗೆ ಬಸ್ ಕಂಡಕ್ಟರಿಗೆ "ಜಾಲಹಳ್ಳಿ ಕ್ರಾಸ್" ಅಂದದ್ದು ಬಿಟ್ಟರೆ ಸಂಜೆವರೆಗೂ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಎಂಟು ವರ್ಷದಿಂದ ನನ್ನ ಜೊತೆಗಿದ್ದದ್ದು ಕನ್ನಡ ಟೈಪ್ ಮಾಡುವ ಒಂದು ಸಾಫ್ಟ್‌ವೇರ್. ಕಪ್ಪು ಪರದೆ, ಹಸಿರು ಅಕ್ಷರ. ಟೈಪ್‌ರೈಟರಿನಲ್ಲಿ ಯಾವ ಕೀಲಿ ಎಲ್ಲಿತ್ತೋ ಇದರಲ್ಲೂ ಅಲ್ಲೇ. ನನ್ನನ್ನು ಬಿಟ್ಟರೆ ಇಡೀ ಆಫೀಸಿನಲ್ಲಿ ಅದು ಯಾರಿಗೂ ಬರುತ್ತಿರಲಿಲ್ಲ. ಒಂದು ದಿನ ಅದರ ಹೊಸ ವರ್ಷನ್ ಬಂತು.

೧. ಕೆಳಗಿನ ಕಸ

ಹೊಸದನ್ನು ಹಾಕಲು ಬಂದ ಎಂಜಿನಿಯರ್ ಮದರಾಸಿನ ಕಡೆಯವರು. ಕನ್ನಡ ಮಾತಾಡುವುದನ್ನು ಕಲಿತಿದ್ದರು, ಓದುವುದನ್ನು ಕಲಿತಿರಲಿಲ್ಲ. ಪಕ್ಕದಲ್ಲೇ ಇನ್ನೊಂದು ಕಂಪ್ಯೂಟರ್ ಇಟ್ಟು, ಹಳೇದರಲ್ಲಿದ್ದ ನನ್ನ ಫೈಲುಗಳನ್ನೆಲ್ಲ ಅದಕ್ಕೆ ಸಾಗಿಸಿದರು. ಬಿಳಿ ಪರದೆಯ ಮೇಲೆ ದುಂಡಗಿನ ಅಕ್ಷರಗಳು ಬಂದವು. ನೋಡಿದರೆ ಒಂದಕ್ಕೂ ಒತ್ತಿಲ್ಲ. ಅಕ್ಷರದ ಕೆಳಗೆ ಬರಬೇಕಾದ ಒತ್ತುಗಳೆಲ್ಲ ಮಾಯ. 'ಅಣ್ಣ' ಹೋಗಿ 'ಅಣ' ಆಗಿತ್ತು.

"ಒತ್ತಕ್ಷರ ಬಂದಿಲ್ರಿ" ಅಂದೆ.

ಅವರು ಎರಡೂ ಪರದೆಗಳನ್ನು ಹತ್ತಿರದಿಂದ ನೋಡಿದರು. "ಇಲ್ಲ ಮೇಡಂ, ಅಕ್ಷರ ಎಲ್ಲ ಬಂದಿದೆ. ಹಳೇ ವರ್ಷನ್‌ನಲ್ಲಿ ಕೆಳಗಡೆ ಏನೋ ಕಸ ಬರ್ತಿತ್ತು. ಇದರಲ್ಲಿ ಕ್ಲೀನ್ ಆಗಿದೆ."

ಪರ್ಸನೆಲ್ ಮ್ಯಾನೇಜರ್ ಹತ್ತಿರ ಹೋದೆ. ಅವರು ಕನ್ನಡದವರೇ, ಆದರೆ ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡವನ್ನು ಬಸ್ಸಿನ ಬೋರ್ಡ್ ಓದುವ ಹಾಗೆ, ಮೊದಲ ಎರಡಕ್ಷರ ನೋಡಿ ಉಳಿದದ್ದನ್ನು ಊಹಿಸಿ ಓದುತ್ತಿದ್ದರು. ಮಾರನೇ ದಿನ ಕಾರ್ಖಾನೆಗೆ ಸರ್ಕಾರಿ ಇನ್‌ಸ್ಪೆಕ್ಷನ್ ಇತ್ತು, ನೋಟಿಸ್‌ಗಳೆಲ್ಲ ಹೊಸದಾಗಿ ಕಾಣಬೇಕಿತ್ತು. "ಒತ್ತು ತಾನೆ? ಜನಕ್ಕೆ ಅರ್ಥ ಆಗುತ್ತೆ ಬಿಡ್ರೀ. ನೋಟಿಸ್ ಎಲ್ಲ ಹೊಸದರಲ್ಲೇ ಪ್ರಿಂಟ್ ತೆಗೆದು ಅಂಟಿಸಿಬಿಡಿ" ಅಂದರು.

ಮೆಷಿನ್‌ಗಳ ಪಕ್ಕದ ಗೋಡೆಯ ಮೇಲೆ 'ಇಲ್ಲಿ ಕೂತು ಊಟ ಮಾಡಬಾರದು' ಅಂತ ಒಂದು ನೋಟಿಸ್ ಇತ್ತು. ಹೊಸ ಪ್ರಿಂಟಿನಲ್ಲಿ ಅದು 'ಇಲಿ ಕೂತು ಊಟ ಮಾಡಬಾರದು' ಅಂತ ಬಂತು. ಮಧ್ಯಾಹ್ನದ ಹೊತ್ತಿಗೆ ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: 'ನಿಂತುಕೊಂಡು ಮಾಡಬಹುದಾ?'

ನಾನು ಆ ಗೋಡೆಯ ಮುಂದೆ ನಿಂತು ಒಬ್ಬಳೇ ನಕ್ಕೆ. ಆ ಕಡೆಯಿಂದ ಬಂದ ವಾಚ್‌ಮನ್ ನನ್ನನ್ನು ನೋಡಿ, ಗೋಡೆ ನೋಡಿ, "ಮೇಡಂ, ಇಲಿ ಇರೋದು ನಿಜ. ಆದ್ರೆ ಅವು ಓದಲ್ಲ" ಅಂತ ಹೇಳಿ ಹೋದ.

೨. ಯಾರ ಬಣ

ಅದೇ ವಾರ ಪೇಂಟ್ ಶಾಪಿನ ಬಾಗಿಲಿಗೆ ಇನ್ನೊಂದು ನೋಟಿಸ್ ಅಂಟಿಸಿದೆವು. ನಾನು ಹಳೇ ವರ್ಷನ್‌ನಲ್ಲಿ ಬರೆದದ್ದು ಹೀಗೆ: 'ಈ ತಿಂಗಳಿಂದ ಹಳೇ ಬಣ್ಣ ತೆಗೆದು ಹೊಸ ಬಣ್ಣ ಹಾಕಲಾಗುವುದು.' ಹೊಸ ವರ್ಷನ್ ಪ್ರಿಂಟ್ ಮಾಡಿದ್ದು: 'ಈ ತಿಂಗಳಿಂದ ಹಳೇ ಬಣ ತೆಗೆದು ಹೊಸ ಬಣ ಹಾಕಲಾಗುವುದು.'

ನಮ್ಮ ಕಾರ್ಖಾನೆಯ ಯೂನಿಯನ್ ಆಗ ತಾನೆ ಎರಡು ಬಣ ಆಗಿತ್ತು. ಹಳೇ ಬಣದ ಮುಖಂಡರು ನೇರ ನನ್ನ ಗಾಜಿನ ಗೂಡಿಗೆ ಬಂದರು. ಎಂಟು ವರ್ಷದಲ್ಲಿ ಟೈಪಿಂಗ್ ಕೆಲಸವಿಲ್ಲದೆ ಬಂದ ಮೊದಲನೇ ಮನುಷ್ಯ. ನನಗೆ ಹೆದರಿಕೆಯ ಜೊತೆಗೆ ಸ್ವಲ್ಪ ಸಂತೋಷವೂ ಆಯಿತು. ಎದ್ದು ಕುರ್ಚಿ ಕೊಟ್ಟೆ. ಅವರು ಕೂರಲಿಲ್ಲ.

"ಯಾರ ಬಣ ಮೇಡಂ ತೆಗೀತಾ ಇರೋದು? ಮ್ಯಾನೇಜ್‌ಮೆಂಟ್ ಹೇಳಿದ್ದಾ, ಆ ಕಡೆಯವರು ಹೇಳಿದ್ದಾ?"

ನಾನು ಎರಡೂ ಕಂಪ್ಯೂಟರ್ ಹಾಕಿ, ಹಳೇದರಲ್ಲಿ ಒತ್ತು ಇರುವುದನ್ನೂ ಹೊಸದರಲ್ಲಿ ಹೋಗಿರುವುದನ್ನೂ ತೋರಿಸಿದೆ. ನಿಧಾನವಾಗಿ, ಸ್ವಲ್ಪ ಬೇಕಂತಲೇ ನಿಧಾನವಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಮುಖ ತಿಳಿಯಾಯಿತು.

"ಸರಿ, ಬಣ ಅಲ್ಲ, ಬಣ್ಣ. ಅರ್ಥ ಆಯ್ತು" ಅಂತ ಬಾಗಿಲ ತನಕ ಹೋದವರು ತಿರುಗಿ ನಿಂತರು. "ಯಾವ ಬಣ್ಣ?"

"ಹಸಿರು ಅಂದಿದ್ದಾರೆ."

"ಹಸಿರು ಅವರ ಬಣದ ಬಣ್ಣ ಕಣ್ರೀ" ಅಂದರು. ಮಾರನೇ ದಿನ ಎರಡು ಗಂಟೆ ಸ್ಟ್ರೈಕ್ ಆಯಿತು.

೩. ಒಬ್ಬೊಬ್ಬರೇ ಇರುವವರು

ನಾನಿದ್ದದ್ದು ಚೊಕ್ಕಸಂದ್ರದಲ್ಲಿ, ಸಾಲುಮನೆಯ ಕೊನೇ ಮನೆ. ಓನರ್ ಅಜ್ಜಿಯ ಮನೆಯವರು ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರು, ಈಗ ಅದರ ಮೇಲೆ ಏಳು ಮನೆ ಕಟ್ಟಿಸಿದ್ದರು. ಆಫೀಸಿನಿಂದ ಬಂದು ಮುಖ ತೊಳೆದು ಅಜ್ಜಿಯ ಜಗಲಿ ಕಟ್ಟೆಯ ಮೇಲೆ ಕೂರುವುದು ನನ್ನ ರೂಢಿ. ಅವರು ಅವರೆಕಾಯಿ ಸುಲಿಯುತ್ತಿದ್ದರೆ ನಾನೂ ಸುಲಿಯುತ್ತಿದ್ದೆ. ಹಳೇ ವರ್ಷನ್, ಹೊಸ ವರ್ಷನ್ ಅಂತ ನಡೆದದ್ದೆಲ್ಲ ಹೇಳುತ್ತಿದ್ದೆ. ಅವರಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ, ಹಾಗಾಗಿ ಒತ್ತಿನ ತಮಾಷೆ ಯಾವುದೂ ಅವರಿಗೆ ತಾಗುತ್ತಿರಲಿಲ್ಲ.

"ಅಳೇದು ಸರ್ಯಾಗೇ ಐತಲ್ಲ, ಒಸದ್ಯಾಕವ್ವ?" ಅನ್ನುವುದಷ್ಟೇ ಅವರ ಅಭಿಪ್ರಾಯ.

ಒಂದು ಸಂಜೆ ಅವರು, "ನಡೂ ಮನೆ ಖಾಲಿ ಆಯ್ತು. ಬಾಡಿಗ್ಗೆ ಐತೆ ಅಂತ ಒಂದು ಬೋರ್ಡ್ ಮಾಡ್ಕೊಂಡು ಬಾ, ನಿನ್ ಕಂಪೂಟ್ರಾಗೆ" ಅಂದರು.

"ಏನಂತ ಬರೀಲಿ?"

"ಮನೆ ಬಾಡಿಗ್ಗೆ ಐತೆ. ಕೆಳಗೆ, ಒಬ್ಬೊಬ್ರೇ ಇರೋ ಎಂಗಸ್ರಿಗೆ ಕೊಡಾಕಿಲ್ಲ ಅಂತ ಆಕು."

ನನ್ನ ಕೈ ಅವರೆಕಾಯಿಯ ಮೇಲೆ ನಿಂತಿತು. "ಆಯ್ತಮ್ಮ" ಅಂದೆ.

ಮಾರನೇ ದಿನ ಅದನ್ನು ಎರಡೂ ವರ್ಷನ್‌ನಲ್ಲಿ ಹೊಸದಾಗಿ ಟೈಪ್ ಮಾಡಿದೆ. ಹೊಸದರಲ್ಲೇ ಹೊಸದಾಗಿ ಬರೆದರೆ ಒತ್ತುಗಳು ಸರಿಯಾಗಿ ಬರುತ್ತವೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಎರಡರಲ್ಲೂ ಅದೇ ವಾಕ್ಯ, ಎರಡರಲ್ಲೂ ಅದೇ ಅರ್ಥ. ತಂದು ಕೊಟ್ಟೆ. ಅಜ್ಜಿ ಎರಡನ್ನೂ ತಲೆಕೆಳಗಾಗಿ ಹಿಡಿದು ನೋಡಿ, "ಈ ಒಸದ್ರಾಗೆ ಅಕ್ಸರ ದುಂಡಗವೆ. ಇದೇ ಇರ್ಲಿ" ಅಂದರು.

ನನಗೆ ತಡೆಯಲಾಗಲಿಲ್ಲ. "ಅಮ್ಮಾ, ನಾನೂ ಒಬ್ಬಳೇ ಇರೋಳಲ್ವಾ? ಹಾಗಾದರೆ ನಾನು ಖಾಲಿ ಮಾಡಬೇಕಾ?"

ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದರು. "ನೀನ್ ಯಾವತ್ತವ್ವ ಒಬ್ಳೇ ಇದ್ದೆ? ದಿನಾ ಸಂಜೆ ಬಂದು ನನ್ ತಲೆ ತಿಂತಾ ಇಲ್ಲೇ ಕೂತಿರ್ತೀಯಲ್ಲ."

೪. ತಪ್ಪಿಲ್ಲದ ಕಾರ್ಡು

ಆ ತಿಂಗಳು ಎಲ್ಲರಿಗೂ ಆಸ್ಪತ್ರೆಯ ಕಾರ್ಡು ಕೊಡಬೇಕಿತ್ತು. ಹೆಸರು, ಊರು, ವಿಭಾಗ, ಕುಟುಂಬ. ಮಾಹಿತಿಯೆಲ್ಲ ಹಳೇ ವರ್ಷನ್‌ನ ಫೈಲಿನಲ್ಲಿ ಮೊದಲೇ ಇತ್ತು. ನಾನು ಜ್ವರ ಬಂದು ಎರಡು ದಿನ ರಜೆಯಲ್ಲಿದ್ದಾಗ ಮ್ಯಾನೇಜರೇ ಆ ಫೈಲನ್ನು ಹೊಸದರಲ್ಲಿ ತೆರೆದು ಪ್ರಿಂಟ್ ತೆಗೆಸಿ ಹಂಚಿಬಿಟ್ಟಿದ್ದರು.

'ಪತ್ನಿ' ಅನ್ನುವ ಮಾತಿನಿಂದ ಒತ್ತು ತೆಗೆದರೆ ಏನು ಉಳಿಯುತ್ತದೆ, ನೀವೇ ಬರೆದು ನೋಡಿ. ಕಾರ್ಖಾನೆಯ ಗಂಡಸರಿಗೆಲ್ಲ ಒಬ್ಬೊಬ್ಬ ಪತಿ. 'ಪತಿ: ಸರೋಜ.' 'ಪತಿ: ಗಿರಿಜಮ.'

ನಾನು ಕೆಲಸಕ್ಕೆ ವಾಪಸಾದ ದಿನ ನನ್ನ ಗೂಡಿನ ಮುಂದೆ ಸಾಲು ನಿಂತಿತ್ತು. ಒಬ್ಬ ಫೋರ್‌ಮನ್ ಹೇಳಿದರು: "ಆಸ್ಪತ್ರೇಲಿ ಇದನ್ನ ನೋಡಿ ಡಾಕ್ಟರು, ಹೆರಿಗೆ ಯಾರದು ಅಂತ ಕೇಳಿದ್ರು ಮೇಡಂ." ಇನ್ನೊಬ್ಬರು, "ನನ್ನ ಹೆಂಡತಿ ಇದನ್ನ ದೇವರ ಗೂಡಿನಲ್ಲಿ ಇಟ್ಟಿದಾಳೆ. ತಿದ್ದೋಕೆ ಕೊಡಲ್ಲ ಅಂತಾಳೆ" ಅಂದರು.

ಕಾರ್ಡುಗಳನ್ನೆಲ್ಲ ವಾಪಸು ತರಿಸಿ ಮ್ಯಾನೇಜರ್ ಮೇಜಿನ ಮೇಲೆ ರಾಶಿ ಹಾಕಿದೆವು. ಹೆಂಗಸರ ಕಾರ್ಡುಗಳಲ್ಲೂ ಹೆಸರಿಗೋ ಊರಿಗೋ ಎಲ್ಲೋ ಒಂದು ಕಡೆ ಒತ್ತು ತಪ್ಪಿತ್ತು. ಅವರು ಒಂದೊಂದನ್ನೇ ನನಗೆ ತೋರಿಸುತ್ತ ಹೋದರು, ನಾನು "ತಪ್ಪು" ಅನ್ನುತ್ತ ಹೋದೆ. ಕೊನೆಗೆ ಒಂದು ಕಾರ್ಡು ಬಂತು. ನಾನು ಅದನ್ನು ಎರಡು ಸಲ ಓದಿದೆ.

"ಇದು?"

"ಇದು ಸರಿ ಇದೆ ಸಾರ್."

ಅದು ನನ್ನದು. ಮೂರಕ್ಷರದ ಹೆಸರು, ಒತ್ತಿಲ್ಲ. ಊರು ದಾವಣಗೆರೆ, ಒತ್ತಿಲ್ಲ. ವಿಭಾಗ ಆಫೀಸು, ಒತ್ತಿಲ್ಲ. ಕುಟುಂಬ: ಅವಿವಾಹಿತೆ. ಅದಕ್ಕೂ ಒತ್ತಿಲ್ಲ. ಅದರ ಮುಂದೆ ಒಂದು ಗೆರೆ.

ಮ್ಯಾನೇಜರ್ ಅದನ್ನು ಮೇಲೆತ್ತಿ ಅಲ್ಲಿದ್ದ ಎಲ್ಲರಿಗೂ ತೋರಿಸಿದರು. "ನೋಡ್ರಿ, ಕಾರ್ಡ್ ಅಂದ್ರೆ ಹೀಗಿರಬೇಕು. ಎಲ್ಲರದೂ ಹೀಗೇ ಆಗಬೇಕು ನನಗೆ."

೫. ಮೊದಲನೇ ಪಾಯಿಂಟು

ಆಮೇಲೆ ಎಂಜಿನಿಯರ್ ಒಂದು ಫ್ಲಾಪಿ ತಂದು ಹಾಕಿದರು, ಒತ್ತುಗಳೆಲ್ಲ ಬಂದವು. ಮ್ಯಾನೇಜರ್ ನನ್ನನ್ನು ಕರೆದು, "ಹಳೇದು ಹೊಸದು ಎರಡನ್ನೂ ಹೋಲಿಸಿ ಒಂದು ರಿಪೋರ್ಟ್ ಬರೆದು ಕೊಡಿ. ಯಾವುದು ಇಟ್ಕೋಬೇಕು ಅಂತ ಮಾಲೀಕರು ಕೇಳ್ತಿದಾರೆ" ಅಂದರು.

ಬರೆಯಲು ಕೂತಾಗ ಗೊತ್ತಾಯಿತು, ನನ್ನ ಕೆಲಸದ ತೀರ್ಪನ್ನು ನಾನೇ ಬರೆಯುತ್ತಿದ್ದೇನೆ ಅಂತ. ಹಳೇದು ಉಳಿದರೆ ನಾನು ಬೇಕು. ಹೊಸದರಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತದೆ, ಯಾರು ಬೇಕಾದರೂ ಟೈಪ್ ಮಾಡಬಹುದು. ಆಗ ನನ್ನನ್ನು ಸ್ಟೋರ್ಸ್‌ಗೆ ಹಾಕುತ್ತಾರೆ ಅಂತ ಮಾತಿತ್ತು. ಸ್ಟೋರ್ಸ್ ಅಂದರೆ ಕಾಂಪೌಂಡಿನ ತುದಿಯ ತಗಡಿನ ಶೆಡ್. ಅಲ್ಲಿ ಬೋಲ್ಟು, ನಟ್ಟು, ರಬ್ಬರ್ ವಾಷರು. ಗಾಜಿನ ಗೂಡಿನಿಂದ ಬೀರುಗಳ ಸಂದಿಯಲ್ಲಿ ಜನ ಹೋಗಿಬರುವುದಾದರೂ ಕಾಣುತ್ತಿತ್ತು.

ಮೂರು ದಿನ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೆಲಸ ಮಾಡಿದೆ. ಹೊಸದೇ ಚೆನ್ನಾಗಿತ್ತು. ಏನು ಮಾಡಲಿ? ಮಧ್ಯದಲ್ಲಿ ಒಂದು ಸಾಲು ಸೇರಿಸಲು ಹಳೇದರಲ್ಲಿ ಪುಟವನ್ನೇ ಕಿತ್ತಾಡಬೇಕಿತ್ತು, ಇದರಲ್ಲಿ ತಾನೇ ಜಾಗ ಬಿಡುತ್ತಿತ್ತು. ಹಾಗೇ ಬರೆದೆ.

ಮ್ಯಾನೇಜರ್ ನನ್ನಿಂದಲೇ ಓದಿಸಿ ಕೇಳಿದರು. ಮೊದಲನೇ ಸಾಲಿಗೇ ಕೈ ತೋರಿಸಿ ನಿಲ್ಲಿಸಿದರು. "ಏನಂದ್ರಿ? 'ಹೊಸ ವರ್ಷನ್ ತೆರೆದ ಕೂಡಲೆ ನಮಸ್ಕಾರ ಅನ್ನುತ್ತದೆ.' ಇದು ಟೆಕ್ನಿಕಲ್ ಪಾಯಿಂಟಾ ಮೇಡಂ?"

"ಅಲ್ಲ ಸಾರ್. ಆದರೆ ಹಳೇದು ಎಂಟು ವರ್ಷದಲ್ಲಿ ಒಂದು ಸಲಾನೂ ಅಂದಿರಲಿಲ್ಲ."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆ ಸಾಲನ್ನು ಹೊಡೆದು ಹಾಕಲಿಲ್ಲ. ಆದರೆ ಮಾರನೇ ದಿನದಿಂದ ನನ್ನ ಗೂಡಿನ ಮುಂದೆ ಹಾದು ಹೋಗುವಾಗಲೆಲ್ಲ ಗಟ್ಟಿಯಾಗಿ "ನಮಸ್ಕಾರ ಮೇಡಂ" ಅನ್ನತೊಡಗಿದರು. ದಿನಕ್ಕೆ ಹದಿನಾಲ್ಕು ಸಲ. ಟೈಪಿಂಗಿನಲ್ಲಿ ನನ್ನ ತಪ್ಪುಗಳು ಜಾಸ್ತಿಯಾದವು.

೬. ಸ್ಟೋರ್ಸ್‌ಗೆ ಆರ್ಡರು

ಹೊಸ ವರ್ಷನ್ನೇ ಇಟ್ಟುಕೊಳ್ಳುವುದು ಅಂತ ಆಯಿತು. ಒಂದು ಶುಕ್ರವಾರ ಮ್ಯಾನೇಜರ್ ನನ್ನ ಗೂಡಿಗೆ ಬಂದು, "ಸ್ವಲ್ಪ ಏಳ್ತೀರಾ? ನಾನೇ ಒಂದು ಲೆಟರ್ ಟೈಪ್ ಮಾಡ್ತೀನಿ" ಅಂದರು. ನನ್ನ ವರ್ಗಾವಣೆಯನ್ನು ನನ್ನ ಕೈಯಲ್ಲೇ ಟೈಪ್ ಮಾಡಿಸಲು ಅವರಿಗೆ ಸಂಕೋಚ. ಅದೂ ಅಲ್ಲದೆ, ಯಾರು ಬೇಕಾದರೂ ಟೈಪ್ ಮಾಡಬಹುದು ಅಂತ ಮಾಲೀಕರಿಗೆ ತಾವೇ ಮಾಡಿ ತೋರಿಸುವ ಹುಮ್ಮಸ್ಸು.

ನಾನು ಹಿಂದೆ ನಿಂತೆ. ಅವರು ಒಂದೇ ಬೆರಳಿನಲ್ಲಿ ಅರ್ಧ ಗಂಟೆ ಟೈಪ್ ಮಾಡಿದರು. ಹೊಸ ವರ್ಷನ್‌ನಲ್ಲಿ ಎಲ್ ಕೀಲಿ ಒತ್ತಿದರೆ 'ಲ' ಬರುತ್ತದೆ. ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ 'ಳ'. ಅವರು ಬೇರೆ ಕಡೆ ನೆನಪಿಟ್ಟು ಶಿಫ್ಟ್ ಹಿಡಿದರು, ಒಂದು ಕಡೆ ಮರೆತರು. 'ಸ್ಟೋರ್ಸ್‌ಗೆ ಕಳಿಸಲು' ಅಂತ ಬರೆಯಲು ಹೊರಟವರು 'ಸ್ಟೋರ್ಸ್‌ಗೆ ಕಲಿಸಲು' ಅಂತ ಬರೆದರು. ನಾನು ನೋಡಿದೆ. ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದದೆ ಸುಮ್ಮನಿದ್ದದ್ದು ನನ್ನ ಇಡೀ ಸರ್ವಿಸಿನಲ್ಲಿ ಅದೊಂದೇ ಸಲ.

ಇಬ್ಬರೂ ಮಾಲೀಕರ ರೂಮಿಗೆ ಹೋದೆವು. ಮಾಲೀಕರು ತುಮಕೂರಿನ ಕಡೆಯವರು, ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೇ ಪುಟದ ತನಕ ಓದುವವರು. ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು. "'ಕನ್ನಡ ಟೈಪಿಸ್ಟ್ ಅವರನ್ನು ಸೋಮವಾರದಿಂದ ಸ್ಟೋರ್ಸ್‌ಗೆ ಕಲಿಸಲು ತೀರ್ಮಾನಿಸಲಾಗಿದೆ.' ಅವರನ್ನು ಅಲ್ಲಪ್ಪ, ಅವರು ಅಂತಿರಬೇಕು." ಪೆನ್ನು ತೆಗೆದು ತಿದ್ದಿದರು. "ಸರಿ, ಸ್ಟೋರ್ಸಿನವರಿಗೆ ಇವರು ಏನು ಕಲಿಸ್ತಾರೆ?"

ಮ್ಯಾನೇಜರ್ ಕಾಗದ ನೋಡಿದರು. ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ. ತಪ್ಪು ಟೈಪ್ ಮಾಡಿದೆ ಅಂತ ಒಪ್ಪಿಕೊಂಡರೆ, ಯಾರು ಬೇಕಾದರೂ ಟೈಪ್ ಮಾಡಬಹುದು ಅನ್ನುವ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು.

"ಕನ್ನಡ ಟೈಪಿಂಗ್ ಸಾರ್" ಅಂದರು ಮೆಲ್ಲಗೆ.

"ಒಳ್ಳೇ ಯೋಚನೆ. ಸ್ಟೋರ್ಸ್‌ಗೆ ಮಾತ್ರ ಯಾಕೆ? ಎಲ್ಲ ವಿಭಾಗದವರಿಗೂ ಕಲಿಸಲಿ, ದಿನಾ ಒಂದು ಗಂಟೆ. ನೀವೂ ಕೂತ್ಕೊಳ್ಳಿ" ಅಂತ ಮಾಲೀಕರು ಸಹಿ ಹಾಕಿದರು.

ಸೋಮವಾರ ನನ್ನ ಗೂಡಿನೊಳಗೆ ಹನ್ನೊಂದು ಕುರ್ಚಿ ಬಂದವು. ದಾರಿಗೆ ಅಡ್ಡವಿದ್ದ ಬೀರುಗಳನ್ನು ಪಕ್ಕಕ್ಕೆ ಸರಿಸಬೇಕಾಯಿತು. ಸ್ಟೋರ್ಸಿನವರು, ಪೇಂಟ್ ಶಾಪಿನವರು, ಎರಡೂ ಬಣದವರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತರು. ಅಷ್ಟು ಜನ ಒಟ್ಟಿಗೆ ನನ್ನ ಮುಖ ನೋಡುತ್ತಿರುವುದನ್ನು ಕಂಡು ಕೀಬೋರ್ಡ್ ಒರೆಸಿದೆ. ನೀರು ಕುಡಿದೆ. ಮತ್ತೆ ಕೀಬೋರ್ಡ್ ಒರೆಸಿದೆ.

ಮುಂದಿನ ಕುರ್ಚಿಯಲ್ಲಿ ಮ್ಯಾನೇಜರ್, ಹೊಸ ನೋಟ್‌ಬುಕ್ಕು, ಚೂಪು ಮಾಡಿದ ಪೆನ್ಸಿಲ್. ನನ್ನ ಕಷ್ಟ ನೋಡಿ ಅವರೇ ಶುರು ಮಾಡಿಕೊಟ್ಟರು. "ಮೊದಲನೇ ಪಾಠ ಯಾವುದು ಮೇಡಂ?"

"ಶಿಫ್ಟ್ ಒತ್ತೋದು ಸಾರ್" ಅಂದೆ.

ಅವರು ತಲೆ ತಗ್ಗಿಸಿ, ಅದನ್ನು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡರು.